ಹನ್ನೆರಡು ವೋಲ್ಟಿನ ಒಳಕೋಟು

ಗುಡ್ಡದ ಮೇಲಿನ ಒಂಬತ್ತು ಮನೆಗಳಲ್ಲಿ ಅವಳನ್ನು ಕರೆಯುತ್ತಿದ್ದದ್ದು ಐಸ್ ನರ್ಸಮ್ಮ ಎಂದು. ಸಿಟ್ಟಿನಿಂದಲ್ಲ, ಅನುಭವದಿಂದ. ಆಸ್ಪತ್ರೆಯವರೆಗೆ ಹೋಗಲಾರದವರ ಮನೆಗೇ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಬಿಪಿ ನೋಡುವುದು ಅವಳ ಕೆಲಸ. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಏಳಕ್ಕೆ ಗಂಡನ ಹಳೆಯ ಮೋಟರ್‌ಸೈಕಲ್ ಹತ್ತಿ ಹೊರಟರೆ ಮೊದಲ ಮನೆ ಸೇರಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಚಳಿಗಾಲದ ಗಾಳಿ ಕೋಟಿನ ಗುಂಡಿಗಳ ಸಂದಿಯಿಂದ ಒಳನುಗ್ಗಿ, ಎದೆ ಬೆನ್ನು ಎಲ್ಲ ತಡಕಾಡಿ, ಕೊನೆಗೆ ಬೆರಳ ತುದಿಯಲ್ಲಿ ಬಿಡಾರ ಹೂಡುತ್ತಿತ್ತು.

ಮೊದಲ ಮನೆ ಬಸ್ ಓಡಿಸಿ ನಿವೃತ್ತನಾದ ಒಬ್ಬ ಅಜ್ಜನದು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಗಂಟಲು. ಬಿಪಿ ಪಟ್ಟಿ ಸುತ್ತಲು ಅವಳು ತೋಳು ಹಿಡಿದರೆ ಸಾಕು, ಬ್ರೇಕ್ ತಪ್ಪಿದ ಬಸ್ಸಿನಲ್ಲಿ ಕುಳಿತವನಂತೆ ಕೂಗುತ್ತಿದ್ದ.

“ಅಯ್ಯಯ್ಯೋ! ಬಿಡು ತಾಯಿ, ಬಿಡು! ನೀನು ಬಿಪಿ ನೋಡೋಕೆ ಬರ್ತೀಯೋ ಏರಿಸೋಕೆ ಬರ್ತೀಯೋ? ಹೋಗು, ಮೊದಲು ಒಲೆ ಮುಂದೆ ಕೂತ್ಕೋ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಒಮ್ಮೆ ಅವಳು ಕೈ ಕಾಯಿಸಿಕೊಳ್ಳುವ ಮೊದಲು ಒಂದು ಸಲ, ಆಮೇಲೆ ಒಂದು ಸಲ ಅಳೆದು ನೋಡಿದ್ದಳು. ಹದಿನೆಂಟು ಅಂಕದ ವ್ಯತ್ಯಾಸ. ಅಂದಿನಿಂದ ವಾದ ಬಿಟ್ಟು ಪ್ರತಿ ಮನೆಯಲ್ಲೂ ಹತ್ತು ನಿಮಿಷ ಒಲೆಯ ಮುಂದೆ ಕೂರುವುದನ್ನು ರೂಢಿ ಮಾಡಿಕೊಂಡಳು. ಒಂಬತ್ತು ಮನೆಗೆ ಹತ್ತತ್ತು ನಿಮಿಷವೆಂದರೆ ಒಂದೂವರೆ ಗಂಟೆ. ಅದರ ಪೆಟ್ಟು ಬೀಳುತ್ತಿದ್ದದ್ದು ಕೊನೆಯ ಮನೆಯ ಅಜ್ಜಿಗೆ. ಬೆನ್ನಿನಲ್ಲಿ ಹುಣ್ಣಾಗಿ ಮಲಗಿದ್ದ ಆಕೆಯ ಸರದಿ ಬರುವಾಗ ಹೊತ್ತು ಇಳಿದಿರುತ್ತಿತ್ತು. ಎಷ್ಟೋ ದಿನ ಪಟ್ಟಿ ಬದಲಿಸುವುದು ಮರುದಿನಕ್ಕೆ ಬೀಳುತ್ತಿತ್ತು. “ಬಾರಮ್ಮ, ನನಗೇನು ಬೇರೆ ಕೆಲಸ ಇದ್ಯಾ?” ಎಂದು ಅಜ್ಜಿ ನಗುತ್ತಿದ್ದಳು. ಆ ನಗುವೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು.

ಒಂದು ಸಂಜೆ ಮನೆಯಲ್ಲಿ ನಾಲ್ವರೂ ಊಟಕ್ಕೆ ಕುಳಿತಿದ್ದಾಗ ಅವಳ ಕೈಯಿಂದ ಚಮಚ ಜಾರಿ ಬಟ್ಟಲಿಗೆ ಬಿತ್ತು. ಬೆರಳು ಇನ್ನೂ ಮರಗಟ್ಟಿತ್ತು. ಅವಳ ಗಂಡ ಬೇಕರಿಯವನು. ದಿನವಿಡೀ ಒಲೆಯ ಬಾಯಿಯ ಮುಂದೆ ನಿಂತು ಬಂದವನು ಆ ಚಳಿಯಲ್ಲೂ ಬನಿಯನ್ನಿನಲ್ಲೇ ಕುಳಿತಿದ್ದ.

“ಚೆನ್ನಾಗಿದೆ ನಮ್ಮನೆ,” ಎಂದಳು ಅತ್ತೆ. “ಮಗ ಬೇಯ್ತಾನೆ, ಸೊಸೆ ಹೆಪ್ಪುಗಟ್ತಾಳೆ. ಇಬ್ಬರನ್ನೂ ಕಲಸಿಟ್ಟರೆ ಹದವಾದ ನೀರಾಗುತ್ತೆ.”

ಎಲ್ಲರೂ ನಕ್ಕರು, ಮಾವನೊಬ್ಬನನ್ನು ಬಿಟ್ಟು. ಅವನು ಸೊಸೆಯ ಬೆರಳುಗಳನ್ನೇ ನೋಡುತ್ತಿದ್ದ. “ಮಗಳೇ, ನಿನ್ನ ಬೈಕಲ್ಲಿ ಬ್ಯಾಟರಿ ಇದೆ ತಾನೇ?” ಎಂದ.

ಅತ್ತೆ ಹಣೆ ಚಚ್ಚಿಕೊಂಡಳು. ಮಾವನ ಬಾಯಲ್ಲಿ ಬ್ಯಾಟರಿ ಎಂಬ ಮಾತು ಬಂತೆಂದರೆ ಮುಂದಿನ ಹದಿನೈದು ದಿನ ಮನೆಯಲ್ಲಿ ನೆಮ್ಮದಿಯಿಲ್ಲವೆಂದು ಆಕೆಗೆ ಗೊತ್ತಿತ್ತು. ನಲವತ್ತು ವರ್ಷ ಬ್ಯಾಟರಿ ಅಂಗಡಿ ನಡೆಸಿದವನು ಅವನು. ಆಸಿಡ್ ಸಿಡಿದು ತೂತಾಗದ ಅಂಗಿ ಒಂದೂ ಅವನ ಹತ್ತಿರ ಇರಲಿಲ್ಲ. ಎರಡು ವರ್ಷದ ಹಿಂದೆ, ಸೊಂಟ ನೋವೆಂದು ಹೇಳಿ ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ಕೆಡದ ಸಾಮಾನುಗಳನ್ನೆಲ್ಲ ರಿಪೇರಿ ಮಾಡತೊಡಗಿದ್ದ. ಅತ್ತೆಯ ಹೊಲಿಗೆ ಯಂತ್ರಕ್ಕೆ ಮೋಟರು ಕೂರಿಸಿ ಸೂಜಿಯನ್ನು ಮೇಜಿನ ಹಲಗೆಯೊಳಗೆ ಇಳಿಸಿದ ಮೇಲಂತೂ ಅವನು ಯಂತ್ರದಿಂದ ಮೂರು ಮಾರು ದೂರವಿರಬೇಕೆಂದು ಅಪ್ಪಣೆಯಾಗಿತ್ತು. ಮುಂದಿನ ಕೋಣೆಯಲ್ಲಿ ಆ ಯಂತ್ರ ಇಟ್ಟುಕೊಂಡು ಅತ್ತೆ ಇಡೀ ಬೀದಿಯ ಬಟ್ಟೆ ಹೊಲಿಯುತ್ತಿದ್ದಳು.

ಮರುದಿನ ಮಾವ ಗುಜರಿ ಅಂಗಡಿಗೆ ಹೋಗಿ ಗೆದ್ದವನ ಮುಖ ಹೊತ್ತು ಬಂದ. ಕೈಯಲ್ಲಿ ಚಾಪೆಯಂಥದ್ದೊಂದು ವಸ್ತು. ನುಜ್ಜುಗುಜ್ಜಾದ ಯಾವುದೋ ದೊಡ್ಡ ಕಾರಿನ ಸೀಟಿನೊಳಗಿಂದ ಕಿತ್ತದ್ದು. ಕೂತವರ ಬೆನ್ನು ಬೆಚ್ಚಗಿರಲೆಂದು ಅದರೊಳಗೆ ಬಿಸಿಯಾಗುವ ತಂತಿ ಹಾವಿನಂತೆ ಸುತ್ತಿ ಸುತ್ತಿ ಹರಿದಿತ್ತು. “ಇದೂ ಹನ್ನೆರಡು ವೋಲ್ಟು, ನಿನ್ನ ಬ್ಯಾಟರಿನೂ ಹನ್ನೆರಡು ವೋಲ್ಟು. ಜಾತಕ ಕೂಡಿ ಬಂದಿದೆ,” ಎನ್ನುತ್ತ ಅದನ್ನು ಸೊಸೆಯ ಬೆನ್ನಿಗಿಟ್ಟು ಹಗ್ಗದಿಂದ ಬಿಗಿದ.

ಅತ್ತೆ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು ಮನಸಾರೆ ನಕ್ಕಳು. “ರೀ, ಸೊಸೆನ ಆಮೆ ಮಾಡಿಬಿಟ್ರಲ್ರೀ! ರೋಗಿಗಳು ನೋಡಿ ಹೆದರಿ ಎದ್ದು ಓಡಿದರೆ ಅವರ ಕಾಯಿಲೆಯೇನೋ ವಾಸಿಯಾಗುತ್ತೆ.”

“ಬೆರಳಿಗೆ ಬೇಕಾದರೆ ಕೈಗವಸು ಮಾಡ್ತೀನಿ,” ಎಂದ ಮಾವ.

“ಕೈಗೆ ಬೇಡ ಮಾವ,” ಎಂದಳು ಸೊಸೆ, ಹಗ್ಗದೊಳಗಿಂದಲೇ. “ಕ್ಲಚ್ ಹಿಡಿದು ಹಿಡಿದು ತಂತಿ ಮುರಿದೇ ಹೋಗುತ್ತೆ. ಮೈ ತಣ್ಣಗಾದರೆ ರಕ್ತ ಕೈಕಾಲಿಗೆ ಹೋಗದೆ ಎದೆ ಹೊಟ್ಟೆ ಕಡೆಗೇ ಸರಿದುಬಿಡುತ್ತೆ. ಮೈ ಬೆಚ್ಚಗಿಟ್ಟರೆ ಕೈಗೆ ತಾನಾಗೇ ಬರುತ್ತೆ.”

“ಹಾಗಾದರೆ ತೋಳಿಲ್ಲದ ಒಳಕೋಟು,” ಎಂದಳು ಅತ್ತೆ ತಟ್ಟನೆ. ಅಳತೆಪಟ್ಟಿ ಆಗಲೇ ಸೊಸೆಯ ಹೆಗಲ ಮೇಲಿತ್ತು. “ಆದರೆ ಒಂದು ಮಾತು. ತಂತಿ ನಿಮ್ಮದು, ಬಟ್ಟೆ ನನ್ನದು. ಮಿಷನ್ ಮುಟ್ಟಿದರೆ ನೋಡಿ!”

ಅಲ್ಲಿಂದ ಶುರುವಾಯಿತು ಜಗಳ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಅಸ್ತರದ ಬಟ್ಟೆಯ ಮೇಲೆ ಮಾವ ಸೀಮೆಸುಣ್ಣದಿಂದ ಸಮಸಮ ಅಂತರದ ಗೆರೆ ಎಳೆದ, ತಂತಿ ಹೀಗೇ ಹೋಗಬೇಕೆಂದು. ಅವನು ಟೀ ಕುಡಿದು ಬರುವಷ್ಟರಲ್ಲಿ ಅತ್ತೆ ಅದನ್ನು ಒರೆಸಿ, ಸೊಂಟದ ಹತ್ತಿರ ಮತ್ತು ಹೆಗಲೆಲುಬಿನ ನಡುವೆ ಒತ್ತೊತ್ತಾಗಿ, ಉಳಿದ ಕಡೆ ತೆಳುವಾಗಿ ಬರೆದಿದ್ದಳು. ಅವನು ಅದನ್ನೊರೆಸಿದ. ಇವಳು ಮತ್ತೆ ಬರೆದಳು. ಎರಡು ದಿನ ಗಂಡ ಹೆಂಡತಿ ಸೊಸೆಯ ಮೂಲಕವೇ ಮಾತಾಡಿಕೊಂಡರು.

“ನಿಮ್ಮ ಮಾವನಿಗೆ ಹೇಳಮ್ಮ, ಮೈಯೆಲ್ಲ ಒಂದೇ ಥರ ಚಳಿ ಆಗಲ್ಲ ಅಂತ.”

“ನಿಮ್ಮ ಅತ್ತೆಗೆ ಹೇಳು, ತಂತಿ ಒಂದು ಗೇಣೂ ಕಡಿಮೆ ಆಗೋ ಹಾಗಿಲ್ಲ ಅಂತ. ತುಂಡು ಮಾಡಿದರೆ ಕರೆಂಟು ಜಾಸ್ತಿ ಎಳೆಯುತ್ತೆ, ಕೆಂಪಗೆ ಕಾಯುತ್ತೆ, ಆಮೇಲೆ ಸೊಸೆ ಸುಟ್ಟ ಬ್ರೆಡ್ ಆಗ್ತಾಳೆ.”

ಅತ್ತೆ ಕತ್ತರಿ ಕೆಳಗಿಟ್ಟಳು. ಎರಡು ದಿನದಲ್ಲಿ ಮೊದಲ ಸಲ ಗಂಡನ ಕಡೆ ನೇರವಾಗಿ ತಿರುಗಿದಳು. “ಅಂದರೆ, ಬಟ್ಟೆ ಇರೋದು ಇಷ್ಟೇ, ಒಂದಿಂಚು ಕಡಿಮೆ ಇಲ್ಲ, ಒಂದಿಂಚು ಜಾಸ್ತಿ ಇಲ್ಲ, ಇದರಲ್ಲೇ ಅಂಗಿ ಎಬ್ಬಿಸು ಅಂತೀರಾ?”

“ಹೂಂ.”

“ಅದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ? ಜೀವಮಾನವೆಲ್ಲ ನಾನು ಮಾಡಿದ್ದು ಅದನ್ನೇ ಅಲ್ವಾ!”

ಅಳತೆಪಟ್ಟಿ ಹಿಡಿದು ತಂತಿಯ ಉದ್ದ ಅಳೆದಳು. ಕಾಗದದ ಮೇಲೆ ಒಳಕೋಟಿನ ನಕ್ಷೆ ಕತ್ತರಿಸಿ, ಅದರ ಮೇಲೆ ದಾರ ಹಾಯಿಸಿ ಹಾಯಿಸಿ ನೋಡಿದಳು. ಸೊಂಟಕ್ಕೆ ಒತ್ತಾಗಿ, ಹೆಗಲಿಗೆ ಒತ್ತಾಗಿ, ಎಲ್ಲಿಯೂ ಒಂದರ ಮೇಲೊಂದು ಹಾಯದಂತೆ ದಾರ ಸರಿಯಾಗಿ ಮುಗಿದಾಗ ಮಾವ ಬಗ್ಗಿ ನೋಡಿ ಗಂಟಲು ಸರಿಮಾಡಿಕೊಂಡ. “ಪರವಾಗಿಲ್ಲ” ಎಂದ. ಅವನ ಬಾಯಲ್ಲಿ ಅದು ಹೂವಿನ ಹಾರ.

ನಾಲ್ಕನೆಯ ದಿನ ಒಳಕೋಟು ಸಿದ್ಧವಾಯಿತು. ಮಾವ ಬೈಕಿನ ಸೀಟು ಬಿಚ್ಚಿ ಬ್ಯಾಟರಿಯಿಂದ ಒಂದು ಜೋಡಿ ವೈರು ತಂದ. ನಡುವೆ ಫ್ಯೂಸು ಹಾಕಿದ; “ಫ್ಯೂಸಿಲ್ಲದ ವೈರು, ಲಗಾಮಿಲ್ಲದ ಕುದುರೆ” ಎನ್ನುವುದು ಅವನ ಹಳೆಯ ಮಾತು. ಹ್ಯಾಂಡಲಿನ ಹತ್ತಿರ ಒಂದು ಸ್ವಿಚ್ಚು. ಸೀಟಿನ ಕೆಳಗಿನಿಂದ ಒಳಕೋಟಿಗೆ ಸಿಕ್ಕಿಸುವ ಒಂದು ಪಿನ್ನು, ಮರೆತು ಇಳಿದು ನಡೆದರೂ ತಾನಾಗಿ ಕಳಚಿಕೊಳ್ಳುವಂಥದ್ದು.

ಮರುದಿನ ಬೆಳಿಗ್ಗೆ ಡ್ರೈವರ್ ಅಜ್ಜ ಎಂದಿನಂತೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ತೋಳು ಚಾಚಿದ. ಅವಳು ಪಟ್ಟಿ ಸುತ್ತಿ, ಬಿಪಿ ನೋಡಿ, ಬರೆದುಕೊಂಡು ಮುಗಿಸಿದಳು. ಅಜ್ಜ ಒಂದು ಕಣ್ಣು ತೆರೆದ.

“ಶುರು ಮಾಡು ಮತ್ತೆ.”

“ಆಯ್ತಲ್ಲ ಅಜ್ಜ.”

ಅವನು ಅನುಮಾನದಿಂದ ಅವಳ ಕೈ ಮುಟ್ಟಿದ, ತಿರುಗಿಸಿ ನೋಡಿದ. “ಕಾರಲ್ಲಿ ಬಂದ್ಯಾ? ಮೋಸ ಮಾಡ್ತಿದ್ದೀಯ!” ಅವಳು ಕೋಟಿನ ಗುಂಡಿ ತೆಗೆದು ಒಳಗಿನದನ್ನು ತೋರಿಸಿದಾಗ ಅವನು ಬಗ್ಗಿ ನೋಡಿದ. ಆಮೇಲೆ, “ಮೂವತ್ತೆರಡು ವರ್ಷ ಬಸ್ ಓಡಿಸಿದೆ. ಒಬ್ಬ ಮೆಕ್ಯಾನಿಕ್‌ಗೂ ಇದು ಹೊಳೀಲಿಲ್ಲವಲ್ಲ,” ಎಂದು ನಿಟ್ಟುಸಿರು ಬಿಟ್ಟ.

ಆ ವಾರ ಅಜ್ಜಿಯ ಬೆನ್ನಿಗೆ ಹಗಲ ಬೆಳಕಿನಲ್ಲೇ ಪಟ್ಟಿ ಬಿತ್ತು. ಒಂದು ಸರದಿಯೂ ತಪ್ಪಲಿಲ್ಲ. ಹುಣ್ಣಿನ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿದ್ದು ನೋಡಿ ಅವಳಿಗೆ ಹಾಡಬೇಕೆನಿಸಿತು.

ಸುಖ ಬಂದಾಗ ಮನುಷ್ಯನಿಗೆ ಇನ್ನೊಂದು ತುತ್ತು ಸುಖ ಬೇಕೆನಿಸುತ್ತದೆ. ಎರಡನೆಯ ವಾರ ಒಂದು ದಿನ, ಅಜ್ಜಿಯ ಕೋಣೆಯಲ್ಲಿ ಹೇಗೂ ದೊಡ್ಡ ಒಲೆ ಉರಿಯುತ್ತದೆ ಎಂದು ಅವಳು ಒಳಕೋಟನ್ನು ಹೊರಗೆ ಬೈಕಿನ ಸೀಟಿನ ಮೇಲೆ ಬಿಟ್ಟು ಹೋದಳು. ಪಿನ್ನು ಸಿಕ್ಕಿಸಿಯೇ ಇತ್ತು. ತಿರುಗಿ ಬರುವಾಗ ಬಿಸಿಬಿಸಿಯಾಗಿರಲಿ ಎಂದು ಸ್ವಿಚ್ಚನ್ನೂ ಬೇಕೆಂದೇ ಹಾಗೇ ಬಿಟ್ಟಿದ್ದಳು. ಅಂದು ಕೆಲಸಕ್ಕೆ ಒಂದು ಗಂಟೆಯೇ ಹಿಡಿಯಿತು. ಹೊರಗೆ ಬಂದು ನೋಡಿದರೆ ಒಳಕೋಟಿನ ಮೇಲೆ ಆ ಮನೆಯ ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿತ್ತು. ಅದರ ಪಕ್ಕದಲ್ಲೇ, ಹುಟ್ಟು ವೈರ ಮರೆತು, ಒಂದು ಕೋಳಿ ಕಣ್ಣು ಮುಚ್ಚಿ ಕುಳಿತಿತ್ತು. ಇಬ್ಬರನ್ನೂ ಎಬ್ಬಿಸಿ, ಕೀ ತಿರುಗಿಸಿ ಗುಂಡಿ ಒತ್ತಿದರೆ ಬೈಕು ‘ಟಕ್’ ಎಂದಿತು. ಇನ್ನೊಮ್ಮೆ ಒತ್ತಿದರೆ ಅದೂ ಇಲ್ಲ. ಕಿಕ್ಕರು ಮುರಿದು ಒಂದು ವರ್ಷವಾಗಿತ್ತು.

ಒಂಬತ್ತು ಮನೆಗಳಿಂದ ಜನ ಬಂದರು. ತಳ್ಳಿಕೊಂಡು ಇಳಿಜಾರಿನವರೆಗೆ ಬಂದರೆ, ತನ್ನ ಮನೆಯ ಗೇಟಿನ ಬಳಿ ಡ್ರೈವರ್ ಅಜ್ಜ ಕಂಬಳಿ ಹೊದ್ದು, ಸೇನಾಪತಿಯ ಹಾಗೆ ಕೈ ಎತ್ತಿ ನಿಂತಿದ್ದ.

“ಎರಡನೇ ಗೇರ್ ಹಾಕು! ಕ್ಲಚ್ ಹಿಡಿ! ತಳ್ಳ್ರೋ, ಊಟ ಮಾಡಿಲ್ವಾ? ಬಿಡಬೇಡ... ಬಿಡಬೇಡ... ಈಗ ಬಿಡು!”

ಬೈಕು ಕೆಮ್ಮಿತು, ಸೀನಿತು, ಹೊಗೆ ಕಾರಿ ಗುರುಗುಟ್ಟಿತು. ಗುಡ್ಡದ ಮೇಲೆ ಚಪ್ಪಾಳೆ ಬಿತ್ತು. “ನಿಲ್ಲಿಸಬೇಡ, ಮನೆವರೆಗೂ ಹೋಗು!” ಎಂದು ಅಜ್ಜ ಕೂಗಿದ್ದು ಮೂರನೆಯ ತಿರುವಿನವರೆಗೂ ಕೇಳಿಸಿತು.

ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಮಾವ ಈಚೆಗೆ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದ; ಅವನ ಮುಖ ಬಾಡಿಸುವುದು ಅವಳಿಗೆ ಬೇಡವಾಗಿತ್ತು. ಆದರೆ ಮರುದಿನ ಬೆಳಿಗ್ಗೆ ಬೈಕು ಸ್ಟಾರ್ಟ್ ಮಾಡಲು ಹೋದಾಗ ಆ ‘ಟಕ್’ ಸದ್ದು ಅಡುಗೆಮನೆಯ ಕಿಟಕಿಯಿಂದಲೇ ಮಾವನಿಗೆ ಕೇಳಿಸಿತು.

“ನಿಲ್ಲು. ಆ ಬ್ಯಾಟರಿ ಪೂರ್ತಿ ಬತ್ತಿದೆ. ಏನಾಯ್ತು?”

ಅವಳು ಬೆಕ್ಕು ಕೋಳಿ ಸಮೇತ ಎಲ್ಲ ಹೇಳಿದಳು, ನಗಿಸಲು ನೋಡಿದಳು. ತಪ್ಪು ತನ್ನದೇ ಎಂದಳು. ಮಾವ ನಗಲಿಲ್ಲ.

“ತಪ್ಪು ನಿಂದಲ್ಲಮ್ಮ. ಕೀ ತೆಗೆದರೆ ಕರೆಂಟು ನಿಲ್ಲಬೇಕು. ನಲವತ್ತು ವರ್ಷ ಬಂದವರಿಗೆಲ್ಲ ನಾನೇ ಹೇಳಿದ ಮಾತು. ನನ್ನ ಸೊಸೆ ಬೈಕಿಗೆ ನಾನೇ ಮಾಡಲಿಲ್ಲ. ಗುಡ್ಡದ ಮೇಲೆ ಒಬ್ಬಳೇ ಸಿಕ್ಕಿಹಾಕಿಕೊಂಡಿದ್ದರೆ?”

ಅವತ್ತು ಅವಳನ್ನು ಬೇಕರಿಯ ವ್ಯಾನಿನಲ್ಲಿ ಕಳಿಸಿ, ಅವನು ಒಳಕೋಟನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. “ಇದು ಬೇಡ,” ಎಂದು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕುಳಿತ.

ಅತ್ತೆ ಸ್ವಲ್ಪ ಹೊತ್ತು ಯಂತ್ರ ತುಳಿದಳು. ಮನಸ್ಸು ನಿಲ್ಲದೆ ಎದ್ದು ಹೋದಳು. ಮೆಟ್ಟಿಲ ಮೇಲೆ ಗಂಡನ ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಪ್ಪು ಡಬ್ಬಿಯೊಂದಿತ್ತು. ಅದನ್ನು ಕಣ್ಣಿಗೆ ಹತ್ತಿರ, ಮತ್ತೆ ದೂರ, ಮತ್ತೆ ಹತ್ತಿರ ಹಿಡಿಯುತ್ತಿದ್ದ.

“ಏನದು?”

“ರಿಲೇ. ಬೈಕಿನ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬಿಡುತ್ತೆ.”

“ಎಲ್ಲಿಂದ ತಂದ್ರಿ?”

“ಅವತ್ತೇ ತಂದಿದ್ದೆ, ಗುಜರಿ ಅಂಗಡಿಯಿಂದಲೇ.”

“ಮತ್ಯಾಕೆ ಹಾಕಲಿಲ್ಲ?”

ಅವನು ಡಬ್ಬಿಯನ್ನು ಅಂಗೈಯಲ್ಲಿ ಹೊರಳಿಸಿದ. ಹಿತ್ತಲಿನ ತಂತಿಯ ಮೇಲೆ ಒಣಗಿಸಿದ ಬಟ್ಟೆ ಚಳಿಗೆ ಹಲಗೆಯಂತೆ ಸೆಟೆದು ನಿಂತಿತ್ತು. ಕೊನೆಗೆ ಮೆಲ್ಲಗೆ ಹೇಳಿದ: “ಇದಕ್ಕೆ ನಾಲ್ಕು ಕಾಲಿದೆ. ಪ್ರತಿ ಕಾಲಿಗೂ ಒಂದು ನಂಬರು. ಯಾವುದು ಯಾವುದಕ್ಕೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ. ಆದರೆ ನಂಬರು ಕಾಣಲ್ಲ. ಅಂಗಡಿ ಮುಚ್ಚಿದ್ದೂ ಸೊಂಟನೋವಿಗಲ್ಲ. ಒಬ್ಬರ ಕಾರಿಗೆ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದ್ದೆ. ಹೊಗೆ ಬಂತು.”

ಅತ್ತೆ ಅವನ ಪಕ್ಕ ಕುಳಿತಳು. “ಸೂಜಿಯ ಕಣ್ಣು ನನಗೆ ಕಾಣದೆ ಹತ್ತು ವರ್ಷ ಆಯ್ತು,” ಎಂದಳು.

“ಏನು?”

“ದಾರ ಪೋಣಿಸೋಕೆ ತಂತಿಯ ಕೊಕ್ಕೆ ಇಟ್ಟುಕೊಂಡಿದ್ದೀನಿ. ಉಳಿದದ್ದೆಲ್ಲ ಬೆರಳೇ ನೋಡುತ್ತೆ. ಬಟ್ಟೆ ಅಂಗಡಿಯವರು ನೂಲು ಎಣಿಸೋ ಒಂದು ಭೂತಗನ್ನಡಿನೂ ಇದೆ, ಡ್ರಾಯರಲ್ಲಿ.”

“ನೀನು ಯಾವತ್ತೂ ಹೇಳಲೇ ಇಲ್ಲ!”

“ನೀವು ಹೇಳಿದ್ರಾ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಯಾರೆಂದು ಹೇಳುವುದು ಕಷ್ಟ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕುವಷ್ಟು ನಕ್ಕರು.

ಬೈಕಿನ ಸೀಟು ಮತ್ತೆ ಬಿಚ್ಚಿತು. ಅತ್ತೆ ಮೊಣಕಾಲಿಗೆ ದಿಂಬು ಹಾಕಿಕೊಂಡು ಕುಳಿತು, ಭೂತಗನ್ನಡಿಯನ್ನು ರಿಲೇಯ ಮೇಲೆ ಇಟ್ಟಳು.

“ಮೂವತ್ತು.”

“ಅದು ಬ್ಯಾಟರಿಯಿಂದ, ಫ್ಯೂಸು ದಾಟಿ ಬರೋದು. ದಪ್ಪ ಕೆಂಪು ವೈರು.”

“ಎಂಬತ್ತೇಳು.”

“ಒಳಕೋಟಿಗೆ.”

“ಇದು ಎಂಬತ್ತೈದು. ಅಲ್ಲ, ತಡೀರಿ, ಆರು. ಹೊಟ್ಟೆ ಇದೆ ಇದಕ್ಕೆ. ಎಂಬತ್ತಾರು.”

“ಕೀಯಿಂದ ಬರೋ ವೈರು. ಹಿಂದಿನ ದೀಪದ ಹತ್ತಿರ ಸಿಗುತ್ತೆ. ಉಳಿದದ್ದು ಬೈಕಿನ ಮೈಗೆ.”

“ಹಿಡಿದಿದ್ದೀನಿ. ಬಿಗೀರಿ ನೀವು.”

ಅವಳು ಹಿಡಿದಳು, ಅವನು ಇಕ್ಕಳದಿಂದ ಬಿಗಿದ. ಬಿಗಿದದ್ದನ್ನು ಅವಳು ಎಳೆದೆಳೆದು ನೋಡಿ, ಒಂದು ಕಡೆ ಸಡಿಲವಾಗಿದೆಯೆಂದು ಬಿಚ್ಚಿಸಿ ಮತ್ತೆ ಮಾಡಿಸಿದಳು. ಅವನು ಗೊಣಗದೆ ಮಾಡಿದ. ಚಾರ್ಜಾದ ಬ್ಯಾಟರಿ ಕೂರಿಸಿ, ಕೀ ತಿರುಗಿಸಿದಾಗ ಡಬ್ಬಿಯೊಳಗಿಂದ ‘ಟಿಕ್’ ಎಂಬ ಸಣ್ಣ ಸದ್ದು ಬಂತು. ಒಳಕೋಟು ಬೆಚ್ಚಗಾಯಿತು. ಕೀ ತೆಗೆದರೆ ಮತ್ತೆ ‘ಟಿಕ್’, ತಣ್ಣಗಾಯಿತು. ಅತ್ತೆಗೆ ಆ ಸದ್ದು ಎಷ್ಟು ಹಿಡಿಸಿತೆಂದರೆ, ಸೊಸೆ ಕೆಲಸದಿಂದ ಬಂದಾಗ ಆಕೆ ಕೀ ತಿರುಗಿಸುತ್ತ, ತೆಗೆಯುತ್ತ ಆಡುತ್ತಿದ್ದಳು.

ಅದಾದ ಮೇಲೆ ಬೈಕು ಗುಡ್ಡದ ಮೇಲೆ ಕೈಕೊಡಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ಅಜ್ಜಿಯ ಹುಣ್ಣು ಮುಚ್ಚಿಕೊಂಡಿತು. ಗೋಡೆ ಹಿಡಿದು ಬಾಗಿಲವರೆಗೆ ನಡೆದು ಬಂದು, “ನೋಡಮ್ಮ, ಈಗ ನನಗೂ ಕೆಲಸ ಹುಟ್ಟಿಕೊಳ್ತು” ಎಂದಳು.

ಸುದ್ದಿ ಬೀದಿಯಲ್ಲಿ ಹರಡಿ ಒಂದು ದಿನ ಅಂಚೆಯವನು ತನ್ನ ಜಾಕೆಟ್ ತೆಗೆದುಕೊಂಡು ಬಂದ. ಮುಂದಿನ ಕೋಣೆಯಲ್ಲಿ ಅತ್ತೆ ಅವನ ಎದೆಯ ಅಳತೆ ತೆಗೆಯುತ್ತಿದ್ದರೆ, ಮಾವ ಅವನ ಬೈಕಿನ ಅಳತೆ ತೆಗೆಯುತ್ತಿದ್ದ.

“ಸೊಂಟಕ್ಕೆ ಚಳಿ ಜಾಸ್ತಿನಾ, ಬೆನ್ನಿಗಾ?”

“ಡೈನಮೊ ಎಷ್ಟು ವಾಟು ಕೊಡುತ್ತೆ?”

“ಊಟ ಆದ ಮೇಲೆ ಹೊಟ್ಟೆ ಎಷ್ಟು ಮುಂದೆ ಬರುತ್ತೆ?”

“ಹೆಡ್‌ಲೈಟು ಬಲ್ಬು ಯಾವುದು?”

ಅಂಚೆಯವ ಎಡಕ್ಕೂ ಬಲಕ್ಕೂ ತಲೆ ತಿರುಗಿಸಿ ಸುಸ್ತಾಗಿ, ಎಲ್ಲದಕ್ಕೂ ಹೂಂ ಎಂದ.

ಅವನು ಹೋದ ಮೇಲೆ ಅತ್ತೆಗೆ ಹೊಸ ಹಟ ಹಿಡಿಯಿತು. “ನಾನು ತೊಟ್ಟು ನೋಡದ ಬಟ್ಟೇನ ಇನ್ನೊಬ್ಬರಿಗೆ ಹೊಲಿದುಕೊಟ್ಟಿದ್ದೇ ಇಲ್ಲ. ಗಾಳಿಯಲ್ಲಿ ಹೇಗಿರುತ್ತೋ ನಾನೇ ನೋಡಬೇಕು.”

ಭಾನುವಾರ ಬೆಳಿಗ್ಗೆ, ಕಿಟಕಿಯ ಗಾಜಿಗೆಲ್ಲ ಮಂಜು ಹಿಡಿದಿತ್ತು. ಸೊಸೆ ಗಂಡನ ಎರಡು ಸ್ವೆಟರನ್ನು ಒಂದರ ಮೇಲೊಂದು ಹಾಕಿಕೊಂಡು ಬೈಕು ಹತ್ತಿದಳು. ಸೊಸೆಯ ಒಳಕೋಟು ತೊಟ್ಟು, ಮೇಲೆ ಮಾವನ ದೊಡ್ಡ ಕೋಟು ಹಾಕಿಕೊಂಡು ಅತ್ತೆ ಹಿಂದೆ ಕುಳಿತಳು. ಮಾವ ಪಿನ್ನು ಸಿಕ್ಕಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದು, “ನಿಧಾನ. ಮೊದಲ ತಿರುವಿನವರೆಗೆ ಹೋಗಿ ವಾಪಸ್ಸು ಬನ್ನಿ,” ಎಂದ.

ಊರು ದಾಟುವವರೆಗೆ ಅತ್ತೆ ಸೊಸೆಯ ಸೊಂಟವನ್ನು ಉಸಿರು ಕಟ್ಟುವಂತೆ ಹಿಡಿದಿದ್ದಳು. ಆಮೇಲೆ ಹಿಡಿತ ಸಡಿಲವಾಯಿತು. ರಸ್ತೆಯ ಎರಡೂ ಬದಿಯ ಹುಲ್ಲು ಬೆಳ್ಳಗಾಗಿತ್ತು. ಸೂರ್ಯ ಇನ್ನೂ ಗುಡ್ಡದ ಹಿಂದೆಯೇ ಇದ್ದ. ಮೊದಲ ತಿರುವಿನಲ್ಲಿ ಸೊಸೆ ವೇಗ ತಗ್ಗಿಸಿದಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು, ಬೆರಳು ಹ್ಯಾಂಡಲಿಗೆ ಅಂಟಿಕೊಂಡಂತಿತ್ತು.

“ತಿ-ತಿರುಗಿಸಲಾ ಅತ್ತೆ?”

“ಯಾಕೆ?” ಎಂದಳು ಅತ್ತೆ ಹಿಂದಿನಿಂದ, ಬೆಚ್ಚನೆಯ ದನಿಯಲ್ಲಿ. “ಎಷ್ಟು ಹಿತವಾಗಿದೆ ಗಾಳಿ! ಇನ್ನೂ ಸ್ವಲ್ಪ ಮೇಲಕ್ಕೆ ಹೋಗೋಣ. ನಿನ್ನ ಡ್ರೈವರ್ ಅಜ್ಜನ ಮನೆ ಎಲ್ಲಿ ಬರುತ್ತೆ?”

ಸೊಸೆ ಗೇರು ಬದಲಿಸಿ ಗುಡ್ಡ ಹತ್ತಿದಳು.